ಬೆಕ್ಲಿನ್ ಯಾರ ಕಡೆ?

ಬೆತ್ ಲೆವಿನ್ ಅವರು ಹುಡುಕಲು ಹೊರಟದ್ದು ಕ್ಯಾನ್ಸರಿಗೆ ಸಂಬಂಧಿಸಿದ ಜೀನನ್ನು ಅಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಸಾಹಿತ್ಯ ಓದಿ, ಆಮೇಲೆ ವೈದ್ಯಕೀಯ ಪದವಿ ಪಡೆದು, ಸಾಂಕ್ರಾಮಿಕ ರೋಗಗಳ ತಜ್ಞೆಯಾದ ಅವರ ಗಮನವೆಲ್ಲ ಇದ್ದದ್ದು ಸಿಂಡ್‌ಬಿಸ್ ಎಂಬ ವೈರಸ್ಸಿನ ಮೇಲೆ. ಸೊಳ್ಳೆಯಿಂದ ಹರಡುವ ಈ ವೈರಸ್ಸು, ನಮ್ಮೂರುಗಳಿಗೆ ಕೀಲುನೋವಿನ ಮೂಲಕ ಪರಿಚಯವಾದ ಚಿಕೂನ್‌ಗುನ್ಯಾದ ಬಳಗಕ್ಕೇ ಸೇರಿದ್ದು. ಇಲಿಮರಿಗಳ ಮಿದುಳಿಗೆ ಅದು ಹೊಕ್ಕರೆ ನರಕೋಶಗಳು ಸಾಯುತ್ತವೆ. ಆದರೆ ಆ ಕೋಶಗಳಲ್ಲಿ ಬಿಸಿಎಲ್-2 ಎಂಬ ಪ್ರೋಟೀನ್ ಹೇರಳವಾಗಿದ್ದರೆ ಸಾವು ತಪ್ಪುತ್ತದೆ. ಬಿಸಿಎಲ್-2 ಈ ರಕ್ಷಣೆಯನ್ನು ಹೇಗೆ ಕೊಡುತ್ತದೆ, ಅದು ಕೋಶದೊಳಗೆ ಯಾವ ಯಾವ ಪ್ರೋಟೀನುಗಳ ಕೈ ಹಿಡಿಯುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಹುಡುಕಾಟದಲ್ಲಿ ಸಿಕ್ಕ, ಅದುವರೆಗೆ ಯಾರೂ ವಿವರಿಸದಿದ್ದ ಪ್ರೋಟೀನೊಂದಕ್ಕೆ ಅವರ ತಂಡ ಬೆಕ್ಲಿನ್ ಎಂದು ಹೆಸರಿಟ್ಟು 1998ರಲ್ಲಿ ಪ್ರಕಟಿಸಿತು. ಅದರ ಜೀನು ಇರುವ ಜಾಗ ಮಾತ್ರ ಕುತೂಹಲ ಕೆರಳಿಸುವಂತಿತ್ತು: ಹದಿನೇಳನೆಯ ಕ್ರೋಮೋಸೋಮಿನಲ್ಲಿ, ಸ್ತನ ಕ್ಯಾನ್ಸರಿನ ಕುಖ್ಯಾತ ಜೀನಾದ ಬಿಆರ್‌ಸಿಎ1ರ ಪಕ್ಕದಲ್ಲಿ. ಈ ನೆರೆಹೊರೆಯೇ ಮುಂದೆ ಬೆಕ್ಲಿನ್ ಬಗ್ಗೆ ಎದ್ದ ದೊಡ್ಡ ವಿವಾದಕ್ಕೂ ಕಾರಣವಾಯಿತು; ಅದಕ್ಕೆ ಆಮೇಲೆ ಬರುತ್ತೇನೆ. ಬೆಕ್ಲಿನ್ನಿನ ಕೆಲಸ ಇರುವುದು ಕೋಶ ತನ್ನದೇ ಭಾಗಗಳನ್ನು ಒಡೆದು ಮರುಬಳಸುವ ಆಟೊಫಜಿ ಎಂಬ ಕ್ರಿಯೆಯಲ್ಲಿ; ಮೊದಲು ಆ ಕಥೆ.

ಪ್ರೋಟೀನಿನ ಬಗ್ಗೆ ನಮ್ಮ ಪಠ್ಯಪುಸ್ತಕಗಳು ಹೇಳುವುದು ಬಹುತೇಕ ಅದರ ತಯಾರಿಕೆಯ ಕಥೆಯನ್ನೇ. ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್ ಎಂಬಲ್ಲಿಗೆ ಪಾಠ ಮುಗಿಯುತ್ತದೆ. ತಯಾರಾದ ಪ್ರೋಟೀನ್ ಎಷ್ಟು ಕಾಲ ಬಾಳುತ್ತದೆ, ಅದನ್ನು ಯಾರು, ಯಾವಾಗ ಒಡೆಯುತ್ತಾರೆ ಎಂಬ ಪ್ರಶ್ನೆಗೆ ಸಿಗುವುದು ಒಂದೆರಡು ಸಾಲು ಮಾತ್ರ. ಆದರೆ ಲೆಕ್ಕವನ್ನು ನೋಡಿ. ವಯಸ್ಕರೊಬ್ಬರು ದಿನಕ್ಕೆ ಸುಮಾರು 70 ಗ್ರಾಂ ಪ್ರೋಟೀನನ್ನು ಆಹಾರದ ಮೂಲಕ ತೆಗೆದುಕೊಳ್ಳುತ್ತಾರೆ. ಅದೇ ದಿನ ಅವರ ದೇಹ ಹೊಸದಾಗಿ ಕಟ್ಟುವ ಪ್ರೋಟೀನು 200ರಿಂದ 300 ಗ್ರಾಂ. ಉಳಿದದ್ದೆಲ್ಲ ಬರುವುದು ದೇಹ ತನ್ನದೇ ಹಳೆಯ ಪ್ರೋಟೀನನ್ನು ಬಿಚ್ಚಿ, ಅದರ ಅಮೈನೊ ಆಮ್ಲಗಳನ್ನು ಮತ್ತೆ ಬಳಸುವುದರಿಂದ. ನಾಜಿಗಳ ಕಾಲದ ಜರ್ಮನಿಯನ್ನು ಬಿಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದ ರುಡಾಲ್ಫ್ ಶೋನ್‌ಹೈಮರ್, 1930ರ ದಶಕದಲ್ಲಿ ಭಾರದ ನೈಟ್ರೋಜನ್ ಸೇರಿಸಿದ ಅಮೈನೊ ಆಮ್ಲವನ್ನು ಇಲಿಗಳಿಗೆ ತಿನ್ನಿಸಿ, ಅದು ಮೂತ್ರದಲ್ಲಿ ನೇರವಾಗಿ ಹೊರಹೋಗದೆ ಅಂಗಾಂಗಗಳ ಪ್ರೋಟೀನಿನೊಳಕ್ಕೇ ಸೇರಿಕೊಳ್ಳುವುದನ್ನು ತೋರಿಸಿದಾಗ, ಸ್ಥಿರವೆಂದು ತಿಳಿದಿದ್ದ ದೇಹ ಎಡೆಬಿಡದೆ ಒಡೆದು ಕಟ್ಟಲ್ಪಡುತ್ತಿದೆ ಎಂಬುದು ಮೊದಲ ಬಾರಿಗೆ ಸ್ಪಷ್ಟವಾಯಿತು.

ಒಡೆಯುವ ಕೆಲಸಕ್ಕೆ ಕೋಶದಲ್ಲಿ ಎರಡು ಮುಖ್ಯ ದಾರಿಗಳಿವೆ. ಒಂದರಲ್ಲಿ, ಒಡೆಯಬೇಕಾದ ಪ್ರತಿಯೊಂದು ಪ್ರೋಟೀನಿಗೂ ಯೂಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನಿನ ಗುರುತು ಅಂಟಿಸಿ, ಪ್ರೋಟಿಯಸೋಮ್ ಎಂಬ ಕೊಳವೆಯಾಕಾರದ ಯಂತ್ರಕ್ಕೆ ಕಳಿಸಲಾಗುತ್ತದೆ. ಇದನ್ನು ಬಿಡಿಸಿದ ಚೀಕನೋವರ್, ಹರ್ಷ್‌ಕೊ ಮತ್ತು ರೋಸ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಆ ಯಂತ್ರವನ್ನು ತಡೆಯುವ ಬೋರ್ಟೆಜೊಮಿಬ್ ಎಂಬ ಔಷಧ ಅದಕ್ಕೂ ಒಂದು ವರ್ಷ ಮೊದಲೇ ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿಗೆ ಬಳಕೆಗೆ ಬಂದಿತ್ತು. ಇನ್ನೊಂದು ದಾರಿಯೇ ಆಟೊಫಜಿ. ಇಲ್ಲಿ ಬಿಡಿ ಪ್ರೋಟೀನುಗಳ ಆಯ್ಕೆಗಿಂತ ದೊಡ್ಡ ಕೆಲಸ ನಡೆಯುತ್ತದೆ: ಕೋಶರಸದ ಒಂದು ಭಾಗವನ್ನೇ, ಹಾಳಾದ ಮೈಟೊಕಾಂಡ್ರಿಯಾ ಇದ್ದರೆ ಅದನ್ನೂ ಸೇರಿಸಿ, ಎರಡು ಪದರದ ಪೊರೆಯೊಂದು ಸುತ್ತುವರಿದು ಚೀಲ ಕಟ್ಟುತ್ತದೆ, ಆ ಚೀಲ ಜೀರ್ಣಕ ಕಿಣ್ವಗಳು ತುಂಬಿದ ಲೈಸೊಸೋಮ್ ಎಂಬ ಗುಳ್ಳೆಯೊಡನೆ ಬೆರೆತು, ಒಳಗಿದ್ದದ್ದೆಲ್ಲ ಜೀರ್ಣವಾಗುತ್ತದೆ. ಲೈಸೊಸೋಮನ್ನು ಕಂಡುಹಿಡಿದ ಬೆಲ್ಜಿಯಂನ ಕ್ರಿಶ್ಚಿಯನ್ ದ ಡ್ಯೂವ್ 1963ರಲ್ಲಿ ಈ ಕ್ರಿಯೆಗೆ ಹೆಸರು ಕೊಟ್ಟರಾದರೂ, ಮುಂದಿನ ಸುಮಾರು ಮೂವತ್ತು ವರ್ಷ ಇದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಕಾಣುವ, ಯಾವ ಜೀನು ನಡೆಸುತ್ತದೆಂದು ಗೊತ್ತಿಲ್ಲದ ವಿದ್ಯಮಾನವಾಗಿಯೇ ಉಳಿಯಿತು.

ಆ ಮೌನವನ್ನು ಮುರಿದವರು ಯೋಶಿನೊರಿ ಓಸುಮಿ. 1988ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯ ಆರಂಭಿಸಿದಾಗ ಅವರಿಗೆ ನಲವತ್ತು ದಾಟಿತ್ತು, ಮತ್ತು ಅವರು ಆರಿಸಿಕೊಂಡದ್ದು ಯಾರೂ ಹೆಚ್ಚು ಗಮನಿಸದ ಯೀಸ್ಟಿನ ವ್ಯಾಕ್ಯುಯೋಲನ್ನು. ಯೀಸ್ಟ್ ಕೋಶದಲ್ಲಿ ಸಾಕಷ್ಟು ಜಾಗವನ್ನು ಆಕ್ರಮಿಸಿಕೊಳ್ಳುವ ಈ ಗುಳ್ಳೆ ನಮ್ಮ ಲೈಸೊಸೋಮಿಗೆ ಸಮಾನವಾದದ್ದು. ಓಸುಮಿ ಮಾಡಿದ ಉಪಾಯ ಇಷ್ಟೆ: ವ್ಯಾಕ್ಯುಯೋಲಿನೊಳಗೆ ಜೀರ್ಣಿಸುವ ಕಿಣ್ವಗಳೇ ಇಲ್ಲದ ಯೀಸ್ಟ್ ತಳಿಯನ್ನು ತೆಗೆದುಕೊಂಡು ಅದನ್ನು ಉಪವಾಸ ಕೆಡವಿದರು. ಚೀಲಗಳು ಒಳಗೆ ಬರುತ್ತವೆ, ಆದರೆ ಕರಗುವುದಿಲ್ಲ. ಹಾಗಾಗಿ ಅವು ಸಾಮಾನ್ಯ ಸೂಕ್ಷ್ಮದರ್ಶಕಕ್ಕೇ ಕಾಣುವಷ್ಟು ತುಂಬಿಕೊಂಡು ವ್ಯಾಕ್ಯುಯೋಲಿನೊಳಗೆ ಓಡಾಡತೊಡಗಿದವು. ಕಣ್ಣಿಗೆ ಕಂಡ ಮೇಲೆ, ಯಾವ ಯೀಸ್ಟಿನಲ್ಲಿ ಅವು ಕಾಣುವುದಿಲ್ಲ ಎಂದು ಹುಡುಕುವುದು ಸಾಧ್ಯವಾಯಿತು. 1993ರ ಹೊತ್ತಿಗೆ ಈ ಕ್ರಿಯೆಗೆ ಅತ್ಯಗತ್ಯವಾದ ಹದಿನೈದು ಜೀನುಗಳ ಸುಳಿವು ಸಿಕ್ಕಿತ್ತು. 2016ರ ನೊಬೆಲ್ ಅವರೊಬ್ಬರಿಗೇ ಬಂತು. ಪ್ರಯೋಗದ ಸರಳತೆಯಲ್ಲಿ ಇದಕ್ಕೆ ಸಾಟಿಯಾದವು ಆಧುನಿಕ ಜೀವವಿಜ್ಞಾನದಲ್ಲಿ ಬಹಳ ಇಲ್ಲವೆಂದೇ ನನ್ನ ಅನಿಸಿಕೆ. ಯೀಸ್ಟಿನ ಮೇಲಿನ ಈ ನಂಬಿಕೆ ಇಂದಿಗೂ ಮುಂದುವರಿದಿದೆ: ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡ ಆಟೊಫಜಿಯನ್ನು ಏರಿಸುವ, ಇಳಿಸುವ ಚಿಕ್ಕ ಅಣುಗಳನ್ನು ಮೊದಲು ಹುಡುಕುವುದು ಯೀಸ್ಟಿನಲ್ಲೇ.

ಈಗ ಬೆಕ್ಲಿನ್‌ಗೆ ಮರಳೋಣ. ಅದರ ಅಮೈನೊ ಆಮ್ಲಗಳ ಸಾಲನ್ನು ಹೋಲಿಸಿ ನೋಡಿದಾಗ, ಓಸುಮಿ ಅವರ ಪಟ್ಟಿಯಲ್ಲಿದ್ದ ಆರನೆಯ ಜೀನಿಗೂ ಇದಕ್ಕೂ ನಂಟಿರುವುದು ಕಂಡುಬಂತು. ಲೆವಿನ್ ಅವರ ತಂಡ ಆ ಜೀನಿಲ್ಲದ ಯೀಸ್ಟಿಗೆ ಬೆಕ್ಲಿನ್ ಕೊಟ್ಟಾಗ ಯೀಸ್ಟಿನಲ್ಲಿ ಆಟೊಫಜಿ ಮತ್ತೆ ಶುರುವಾಯಿತು. ನೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಬೇರ್ಪಟ್ಟ ಎರಡು ಜೀವಿಗಳ ನಡುವೆ ಒಂದು ಪ್ರೋಟೀನು ಹೀಗೆ ಅದಲುಬದಲಾಗಬಲ್ಲದು ಎಂಬುದೇ ದೊಡ್ಡ ವಿಷಯ. ಆದರೆ 1999ರ ಆ ಪ್ರಬಂಧದ ಮುಖ್ಯ ಭಾಗ ಬೇರೆಯದೇ ಆಗಿತ್ತು. ಎಂಸಿಎಫ್7 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಬೆಕ್ಲಿನ್ ತೀರಾ ಕಡಿಮೆಯಿತ್ತು. ಅದನ್ನು ಹೊರಗಿನಿಂದ ಸೇರಿಸಿದಾಗ ಆ ಕೋಶಗಳಲ್ಲಿ ಆಟೊಫಜಿ ಹೆಚ್ಚಿತು, ಬೆಳವಣಿಗೆ ನಿಧಾನವಾಯಿತು, ಮತ್ತು ಇಲಿಗಳಲ್ಲಿ ಗೆಡ್ಡೆ ಕಟ್ಟುವ ಶಕ್ತಿಯೂ ಕುಗ್ಗಿತು. ಸ್ತನ, ಅಂಡಾಶಯ ಮತ್ತು ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಶೇಕಡಾ 40ರಿಂದ 75ರಷ್ಟರಲ್ಲಿ ಈ ಜೀನಿನ ಎರಡು ಪ್ರತಿಗಳ ಪೈಕಿ ಒಂದು ಕಳೆದುಹೋಗಿರುತ್ತದೆ ಎಂಬ ಮಾಹಿತಿ ಇದರ ಜೊತೆ ಸೇರಿತು. 2003ರಲ್ಲಿ ಲೆವಿನ್ ಅವರ ತಂಡವೂ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಇನ್ನೊಂದು ತಂಡವೂ ಬೇರೆ ಬೇರೆಯಾಗಿ, ಬೆಕ್ಲಿನ್ ಜೀನಿನ ಒಂದೇ ಪ್ರತಿಯಿರುವ ಇಲಿಗಳಲ್ಲಿ ವಯಸ್ಸಾದಂತೆ ಶ್ವಾಸಕೋಶ, ಯಕೃತ್ತು ಮತ್ತು ದುಗ್ಧರಸ (ಲಿಂಫ್) ಗ್ರಂಥಿಗಳ ಕ್ಯಾನ್ಸರ್ ಹೆಚ್ಚಾಗಿ ಬರುವುದನ್ನು ತೋರಿಸಿದವು. ಎರಡೂ ಪ್ರತಿಗಳಿಲ್ಲದ ಇಲಿಗಳು ಭ್ರೂಣದಲ್ಲೇ ಸತ್ತವು. ಆಟೊಫಜಿ ಕ್ಯಾನ್ಸರನ್ನು ತಡೆಯುತ್ತದೆ ಎಂಬ ಮಾತು ಅಲ್ಲಿಗೆ ಗಟ್ಟಿಯಾದಂತೆ ಕಂಡಿತು.

ನನಗೆ ಲೆವಿನ್ ಅವರ ಕೆಲಸದಲ್ಲಿ ಹೆಚ್ಚು ಇಷ್ಟವಾಗುವುದು ಇದರ ನಂತರದ ಭಾಗ, ಬೆಕ್ಲಿನ್‌ಗೆ ಕಡಿವಾಣ ಹಾಕುವವರು ಯಾರು ಎಂಬ ವಿಚಾರಣೆ. ಪ್ರೋಟೀನಿನ ನಿಯಂತ್ರಣವೆಂದರೆ ಅದರ ಪ್ರಮಾಣವನ್ನು ಏರಿಸಿ ಇಳಿಸುವುದಷ್ಟೇ ಅಲ್ಲ; ಇರುವ ಪ್ರೋಟೀನನ್ನು ಕಟ್ಟಿಹಾಕುವುದು, ಬಿಡಿಸುವುದು, ಅದರ ಮೇಲೆ ಫಾಸ್ಫೇಟ್ ಗುಂಪೊಂದನ್ನು ಕೂರಿಸಿ ಅದರ ವರ್ತನೆಯನ್ನೇ ಬದಲಿಸುವುದು, ಇವೆಲ್ಲ ನಿಮಿಷಗಳಲ್ಲಿ ನಡೆಯುವ ವ್ಯವಹಾರ. ಡಲ್ಲಾಸಿಗೆ ಸ್ಥಳಾಂತರಗೊಂಡ ಮೇಲೆ 2005ರಲ್ಲಿ ಅವರ ತಂಡ ತೋರಿಸಿದ್ದೇನೆಂದರೆ, ಬೆಕ್ಲಿನ್ನನ್ನು ಹುಡುಕಲು ಗಾಳವಾಗಿದ್ದ ಆ ಬಿಸಿಎಲ್-2 ಪ್ರೋಟೀನೇ ಅದನ್ನು ಹಿಡಿದಿಟ್ಟು ಆಟೊಫಜಿಯನ್ನು ತಡೆಯುತ್ತದೆ. ಕೋಶಕ್ಕೆ ಪೋಷಕಾಂಶ ಸಾಲದಾದಾಗ ಜೆಎನ್‌ಕೆ1 ಎಂಬ ಕಿಣ್ವ ಬಿಸಿಎಲ್-2ರ ಮೇಲೆ ಫಾಸ್ಫೇಟ್ ಕೂರಿಸುತ್ತದೆ, ಹಿಡಿತ ಸಡಿಲವಾಗುತ್ತದೆ, ಬಿಡುಗಡೆಯಾದ ಬೆಕ್ಲಿನ್ ಪೊರೆ ಕಟ್ಟಲು ಬೇಕಾದ ಲಿಪಿಡ್ ತಯಾರಿಸುವ ಕಿಣ್ವದೊಡನೆ ಕೆಲಸಕ್ಕೆ ಇಳಿಯುತ್ತದೆ. ಇನ್ನೂ ಸ್ವಾರಸ್ಯಕರವಾದದ್ದು ಕ್ಯಾನ್ಸರ್ ಕಡೆಯ ಕೈವಾಡ. ಕೋಶಕ್ಕೆ ಸದಾ ಬೆಳೆಯುವಂತೆ ಸೂಚನೆ ಕೊಡುವ ಎಕೆಟಿ ಎಂಬ ಕಿಣ್ವವೂ, ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹುಚ್ಚೆದ್ದು ಕುಣಿಯುವ, ಕೋಶದ ಹೊರಮೈಯಲ್ಲಿ ಬೆಳವಣಿಗೆಯ ಸಂಕೇತ ಹಿಡಿಯುವ ಇಜಿಎಫ್ಆರ್ ಎಂಬ ಪ್ರೋಟೀನೂ ನೇರವಾಗಿ ಬೆಕ್ಲಿನ್ ಮೇಲೆಯೇ ಫಾಸ್ಫೇಟ್ ಕೂರಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತವೆ ಎಂದು 2012 ಮತ್ತು 2013ರಲ್ಲಿ ಅವರು ಪ್ರಕಟಿಸಿದರು. ಎಂದರೆ ಬೆಕ್ಲಿನ್ ಕಳೆದುಹೋಗಬೇಕೆಂದೇನೂ ಇಲ್ಲ. ಕ್ಯಾನ್ಸರನ್ನು ಬೆಳೆಸುವ ಸಂಕೇತಗಳು ಇದ್ದ ಬೆಕ್ಲಿನ್ನಿನ ಬಾಯಿಯನ್ನೇ ಮುಚ್ಚಿಸಬಲ್ಲವು.

ವಿವಾದ ಹುಟ್ಟಿದ್ದು ನೆರೆಮನೆಯಿಂದ. ಬಿಆರ್‌ಸಿಎ1 ಜೀನು ಇರುವ ಕ್ರೋಮೋಸೋಮಿನ ತುಂಡು ಕ್ಯಾನ್ಸರ್ ಕೋಶಗಳಲ್ಲಿ ಕಳೆದುಹೋಗುವಾಗ, ಪಕ್ಕದಲ್ಲಿರುವ ಬೆಕ್ಲಿನ್ ಕೂಡ ಅದರ ಜೊತೆ ಹೋಗುವುದು ಸಹಜ. ಹಾಗಿದ್ದರೆ ಅಪರಾಧಿ ಯಾರು? ನ್ಯೂಜೆರ್ಸಿಯ ಐಲೀನ್ ವೈಟ್ ಅವರ ತಂಡ ಸಾವಿರಾರು ಗೆಡ್ಡೆಗಳ ಜೀನೋಮ್ ಮಾಹಿತಿಯನ್ನು ತಡಕಾಡಿ 2014ರಲ್ಲಿ ಹೇಳಿದ್ದು ಹೀಗೆ: ಬೆಕ್ಲಿನ್ ಒಂದೇ ಕಳೆದುಹೋದ ಗೆಡ್ಡೆಗಳು ಕಾಣುವುದಿಲ್ಲ, ಬಿಆರ್‌ಸಿಎ1 ಹೋಗುವಾಗ ಅದೂ ಹೋಗುತ್ತದೆ, ಆದ್ದರಿಂದ ಮನುಷ್ಯರಲ್ಲಿ ಅದನ್ನು ಗೆಡ್ಡೆ ತಡೆಯುವ ಜೀನೆಂದು ಕರೆಯಲು ಆಧಾರ ಸಾಲದು. ಮರುವರ್ಷವೇ ಲೆವಿನ್ ಅವರ ತಂಡ, ಬೆಕ್ಲಿನ್ ಕಡಿಮೆಯಿರುವ ಸ್ತನ ಕ್ಯಾನ್ಸರುಗಳು ಹೆಚ್ಚು ಉಗ್ರವಾಗಿರುತ್ತವೆ, ಆ ರೋಗಿಗಳು ಬದುಕುಳಿಯುವ ಸಾಧ್ಯತೆ ಕಡಿಮೆಯಿರುತ್ತದೆ ಎಂಬ ಮಾಹಿತಿಯನ್ನು ಮುಂದಿಟ್ಟಿತು. ಎರಡೂ ವಾದಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ನನಗೆ ತೋರುವುದು, ಜೀನು ಕಳೆದುಹೋಗುವ ಲೆಕ್ಕದಲ್ಲಿ ವೈಟ್ ಅವರ ಆಕ್ಷೇಪಕ್ಕೆ ತೂಕವಿದೆ. ಆದರೆ ಎಕೆಟಿ ಮತ್ತು ಇಜಿಎಫ್ಆರ್ ಪ್ರಯೋಗಗಳು ಹೇಳುವ ಸಂಗತಿ ಜೀನೋಮಿನ ಲೆಕ್ಕದಲ್ಲಿ ಕಾಣಿಸುವಂಥದ್ದೇ ಅಲ್ಲ. ಫಾಸ್ಫೇಟು ಡಿಎನ್‌ಎಯಲ್ಲಿ ಗುರುತು ಬಿಡುವುದಿಲ್ಲ.

ವೈಟ್ ಅವರ ಸಂಶಯಕ್ಕೆ ಇನ್ನೊಂದು ಹಿನ್ನೆಲೆಯೂ ಇತ್ತು. ಅವರೇ ನಡೆಸಿದ ಪ್ರಯೋಗಗಳು ತೀರಾ ವಿರುದ್ಧ ದಿಕ್ಕಿಗೆ ಬೆರಳು ತೋರಿಸುತ್ತಿದ್ದವು. ಒಮ್ಮೆ ಗೆಡ್ಡೆ ಬೆಳೆಯಿತೆಂದರೆ ಅದರ ನಡುಭಾಗಕ್ಕೆ ರಕ್ತನಾಳಗಳು ಸರಿಯಾಗಿ ತಲುಪುವುದಿಲ್ಲ; ಆಮ್ಲಜನಕವೂ ಇಲ್ಲ, ಆಹಾರವೂ ಇಲ್ಲ. ಅಂಥಲ್ಲಿರುವ ಕ್ಯಾನ್ಸರ್ ಕೋಶ, ಮಳೆಗಾಲದ ನಡುವೆ ಸೌದೆ ತೀರಿದ ಮನೆಯವರು ಹಳೆಯ ಬಾಗಿಲನ್ನೇ ಒಡೆದು ಒಲೆಗೆ ಹಾಕುವಂತೆ, ತನ್ನದೇ ಒಡಲನ್ನು ಸುಟ್ಟು ಜೀವ ಹಿಡಿದುಕೊಳ್ಳುತ್ತದೆ. ಕೋಶದ ಬೆಳವಣಿಗೆಯ ಸಂಕೇತವನ್ನು ನಿಭಾಯಿಸುವ ರಾಸ್ ಎಂಬ ಜೀನಿನ ರೂಪಾಂತರದಿಂದ ಹುಟ್ಟುವ ಕ್ಯಾನ್ಸರುಗಳು ಇದರ ಮೇಲೆ ಬಹಳವಾಗಿ ಅವಲಂಬಿಸಿವೆ ಎಂದು ವೈಟ್ ಅವರ ತಂಡ 2011ರಲ್ಲಿ ತೋರಿಸಿತು. ಅದೇ ವರ್ಷ ಅಲೆಕ್ ಕಿಮ್ಮೆಲ್‌ಮನ್ ಅವರ ತಂಡ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಇಂಥದ್ದೇ ಅವಲಂಬನೆಯನ್ನು ಕಂಡಿತು. ಜಪಾನಿನಲ್ಲಿ ನೊಬೊರು ಮಿಜುಶಿಮಾ ಅವರ ತಂಡ ಆಟೊಫಜಿಗೆ ಅಗತ್ಯವಾದ ಜೀನನ್ನು ಇಲಿಯ ದೇಹದ ಅಲ್ಲಲ್ಲಿ ತೆಗೆದುಹಾಕಿದಾಗ ಗೆಡ್ಡೆಗಳು ಬಂದದ್ದು ಯಕೃತ್ತಿನಲ್ಲಿ ಮಾತ್ರ, ಮತ್ತು ಅವು ಎಂದೂ ಮಾರಕ ಕ್ಯಾನ್ಸರಾಗಿ ಬೆಳೆಯಲಿಲ್ಲ. ಈ ಫಲಿತಾಂಶವನ್ನು ನಾನು ಆ ದಶಕದ ಅತ್ಯಂತ ಅರ್ಥಪೂರ್ಣ ಪ್ರಯೋಗಗಳಲ್ಲಿ ಒಂದೆಂದು ಎಣಿಸುತ್ತೇನೆ. ಆಟೊಫಜಿ ನಿಂತಾಗ ಹಾಳಾದ ಮೈಟೊಕಾಂಡ್ರಿಯಾಗಳೂ ಪಿ62 ಎಂಬ ಪ್ರೋಟೀನೂ ಕೋಶದಲ್ಲಿ ಗುಡ್ಡೆಯಾಗಿ, ಗೆಡ್ಡೆಯ ಆರಂಭಕ್ಕೆ ಅನುಕೂಲವಾಗುತ್ತದೆ. ಅದೇ ಗೆಡ್ಡೆ ಮುಂದಿನ ಹಂತಕ್ಕೆ ಏರಬೇಕಾದಾಗ ಆಟೊಫಜಿ ಇಲ್ಲದೆ ಏರಲಾರದೆ ನಿಲ್ಲುತ್ತದೆ. ಎರಡು ಶಿಬಿರಗಳ ಮಾತೂ ಒಂದೇ ಇಲಿಯ ಯಕೃತ್ತಿನಲ್ಲಿ ಒಟ್ಟಿಗೆ ನಿಜವಾಗಿತ್ತು.

ಇದನ್ನು ಔಷಧವನ್ನಾಗಿಸುವ ಪ್ರಯತ್ನ ಅಷ್ಟು ಸುಗಮವಾಗಿ ಸಾಗಿಲ್ಲ. ಲೈಸೊಸೋಮಿನ ಕೆಲಸವನ್ನು ಕೆಡಿಸುವ ಹೈಡ್ರಾಕ್ಸಿಕ್ಲೋರೊಕ್ವಿನ್ ಅಗ್ಗದ, ಹಳೆಯ ಮಾತ್ರೆ. ಸಂಧಿವಾತಕ್ಕೂ ಲೂಪಸ್‌ಗೂ ದಶಕಗಳಿಂದ ಕೊಡುತ್ತಿದ್ದ ಅದರ ಹೆಸರು 2020ರ ಕೋವಿಡ್ ಗದ್ದಲದಲ್ಲಿ ಎಲ್ಲರ ಬಾಯಿಗೂ ಬಂತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಹರಡಿದ್ದ 112 ರೋಗಿಗಳಲ್ಲಿ ಕೀಮೋಥೆರಪಿಯ ಜೊತೆಗೆ ಇದನ್ನು ಸೇರಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಗೆಡ್ಡೆ ಕುಗ್ಗಿದವರ ಪ್ರಮಾಣ ಕೀಮೋಥೆರಪಿ ಮಾತ್ರ ಪಡೆದವರಲ್ಲಿ ಶೇಕಡಾ 21 ಇದ್ದರೆ, ಈ ಮಾತ್ರೆಯನ್ನೂ ಪಡೆದವರಲ್ಲಿ 38 ಇತ್ತು. ಆದರೆ ಒಂದು ವರ್ಷದ ನಂತರ ಬದುಕಿದ್ದವರು ಕ್ರಮವಾಗಿ ಶೇಕಡಾ 49 ಮತ್ತು 41. ಗೆಡ್ಡೆ ಕುಗ್ಗಿತು, ಆಯುಸ್ಸು ಹೆಚ್ಚಲಿಲ್ಲ. ಈ ಮಾತ್ರೆ ಆಟೊಫಜಿಯೊಂದನ್ನೇ ತಡೆಯುವ ಅಸ್ತ್ರವೂ ಅಲ್ಲ. ಲೈಸೊಸೋಮಿಗೆ ತಲುಪುವ ಎಲ್ಲವನ್ನೂ ಅದು ಬಾಧಿಸುತ್ತದೆ, ಗೆಡ್ಡೆಯ ವಿರುದ್ಧ ಹೋರಾಡಬೇಕಾದ ಕೋಶಗಳನ್ನೂ ಬಿಡುವುದಿಲ್ಲ. ಅದೇ ವರ್ಷ, ರಾಸ್ ಸಂಕೇತದ ಮುಂದಿನ ಕೊಂಡಿಗಳನ್ನು ತಡೆದಾಗ ಮೇದೋಜೀರಕದ ಕ್ಯಾನ್ಸರ್ ಕೋಶಗಳು ಬದುಕಲು ಆಟೊಫಜಿಯನ್ನು ಇನ್ನಷ್ಟು ಹೆಚ್ಚಿಸಿಕೊಳ್ಳುತ್ತವೆ, ಆಗ ಎರಡನ್ನೂ ಒಟ್ಟಿಗೆ ತಡೆದರೆ ಪರಿಣಾಮ ಬಲವಾಗಿರುತ್ತದೆ ಎಂದು ಎರಡು ತಂಡಗಳು ವರದಿ ಮಾಡಿದವು. ನನಗೆ ಹೆಚ್ಚು ಭರವಸೆ ಇರುವುದು ಈ ಜೋಡಿ ದಾರಿಯ ಮೇಲೆ.

ಈ ಕ್ಷೇತ್ರದಲ್ಲಿ ಇಷ್ಟೊಂದು ವಿರೋಧಾಭಾಸ ಏಕೆ ಎಂದು ಕೇಳುವವರು ಅಳೆಯುವ ವಿಧಾನವನ್ನೂ ಗಮನಿಸಬೇಕು. ಬಹುತೇಕ ಪ್ರಯೋಗಾಲಯಗಳು ನೆಚ್ಚಿಕೊಂಡಿರುವುದು ಎಲ್‌ಸಿ3 ಎಂಬ ಪ್ರೋಟೀನನ್ನು. ಚೀಲದ ಪೊರೆಗೆ ಅಂಟಿಕೊಂಡ ಎಲ್‌ಸಿ3 ಪ್ರೋಟೀನುಗಳನ್ನು ಬೇರ್ಪಡಿಸಿ ಗುರುತಿಸುವ ವೆಸ್ಟರ್ನ್ ಬ್ಲಾಟ್ ಎಂಬ ಪರೀಕ್ಷೆಯಲ್ಲಿ ಬೇರೆಯದೇ ಪಟ್ಟಿಯಾಗಿ ಕಾಣುತ್ತದೆ. ಪಟ್ಟಿ ದಪ್ಪವಾದರೆ ಚೀಲಗಳು ಹೆಚ್ಚಾಗಿವೆ ಎಂದರ್ಥ. ಆದರೆ ಚೀಲಗಳು ಹೆಚ್ಚಾಗಲು ಎರಡು ಕಾರಣಗಳಿರಬಹುದು: ಅವು ಹೆಚ್ಚು ಹೆಚ್ಚು ತಯಾರಾಗುತ್ತಿರಬಹುದು, ಅಥವಾ ತಯಾರಾದವು ಲೈಸೊಸೋಮಿಗೆ ತಲುಪದೆ ಅಲ್ಲೇ ಉಳಿದಿರಬಹುದು. ಒಂದು ಆಟೊಫಜಿಯ ಏರಿಕೆ, ಇನ್ನೊಂದು ಅದರ ಸ್ಥಗಿತ. ಪಟ್ಟಿ ಮಾತ್ರ ಎರಡರಲ್ಲೂ ಒಂದೇ. ಲೈಸೊಸೋಮನ್ನು ಬೇಕೆಂದೇ ತಡೆದು, ಆಗ ಪಟ್ಟಿ ಇನ್ನಷ್ಟು ದಪ್ಪವಾಗುತ್ತದೆಯೇ ಎಂದು ನೋಡಿದರೆ ಮಾತ್ರ ಉತ್ತರ ಸಿಗುತ್ತದೆ. ಈ ಎಚ್ಚರಿಕೆಗಳನ್ನೆಲ್ಲ ಒಟ್ಟುಗೂಡಿಸಿ ಡೇನಿಯಲ್ ಕ್ಲಿಯೋನ್ಸ್ಕಿ ಅವರ ನೇತೃತ್ವದಲ್ಲಿ 2008ರಿಂದ ಮತ್ತೆ ಮತ್ತೆ ಪರಿಷ್ಕೃತವಾಗಿ ಬರುತ್ತಿರುವ ಮಾರ್ಗಸೂಚಿ ಈಗ ನೂರಾರು ಪುಟಗಳ ಗ್ರಂಥವೇ ಆಗಿದೆ. ಯಾವುದೋ ಸೊಪ್ಪಿನ ಕಷಾಯ ಕ್ಯಾನ್ಸರ್ ಕೋಶಗಳಲ್ಲಿ ಆಟೊಫಜಿಯನ್ನು ಹೆಚ್ಚಿಸಿತು ಎಂಬ ಪ್ರಬಂಧ ಕಣ್ಣಿಗೆ ಬಿದ್ದಾಗಲೆಲ್ಲ ನಾನು ಮೊದಲು ಹುಡುಕುವುದು ಈ ಒಂದು ನಿಯಂತ್ರಣ ಪ್ರಯೋಗ ಅದರಲ್ಲಿ ಇದೆಯೇ ಎಂಬುದನ್ನು.

ಓಸುಮಿ ಅವರಿಗೆ ನೊಬೆಲ್ ಬಂದ ಮೇಲೆ ನನ್ನ ಚಿಕ್ಕಮ್ಮ ಫೋನಿನಲ್ಲಿ ಕೇಳಿದ್ದರು: "ಏಕಾದಶಿ ಉಪವಾಸ ಮಾಡಿದ್ರೆ ಕ್ಯಾನ್ಸರ್ ಬರೋದಿಲ್ವಂತೆ, ಜಪಾನಿನವರು ಕಂಡುಹಿಡಿದಿದ್ದಾರಂತೆ, ಹೌದೇನೋ?" ಆ ಸಂದೇಶ ಇಂದಿಗೂ ವಾಟ್ಸ್ಆ್ಯಪ್ಪಿನಲ್ಲಿ ಸುತ್ತುತ್ತಲೇ ಇದೆ. ಓಸುಮಿ ಉಪವಾಸ ಕೆಡವಿದ್ದು ಯೀಸ್ಟನ್ನು. ಇಲಿಗಳಲ್ಲಿ ಇಡೀ ದಿನದ ಉಪವಾಸ ಯಕೃತ್ತು, ಸ್ನಾಯುಗಳಲ್ಲಿ ಆಟೊಫಜಿಯನ್ನು ಏರಿಸುತ್ತದೆ ಎಂಬುದು ನಿಜ. ಆದರೆ ಅಷ್ಟು ಚಿಕ್ಕ ಪ್ರಾಣಿಗೆ ಒಂದು ದಿನದ ಉಪವಾಸವೆಂದರೆ ನಮ್ಮ ಏಕಾದಶಿಯಂಥದ್ದಲ್ಲ, ಅದಕ್ಕಿಂತ ಬಹಳ ಕಠಿಣವಾದ ಸಂಕಟ. ಮನುಷ್ಯರ ಅಂಗಾಂಗಗಳಲ್ಲಿ ಇದನ್ನು ನೇರವಾಗಿ ಅಳೆಯುವುದೇ ಕಷ್ಟ. ಉಪವಾಸಕ್ಕೆ ಅದರದೇ ಆದ ಕಾರಣಗಳಿವೆ, ಅದನ್ನು ಮಾಡುವವರು ಮಾಡಲಿ. ಆದರೆ ಈಗಾಗಲೇ ಕ್ಯಾನ್ಸರ್ ಇರುವವರಿಗೆ ತೂಕ ಮತ್ತು ಸ್ನಾಯು ಕರಗುವುದೇ ದೊಡ್ಡ ಅಪಾಯವಾಗಿರುವಾಗ, ಬೆಳೆದ ಗೆಡ್ಡೆ ಹಸಿವನ್ನು ಎದುರಿಸುವ ಕಲೆಯನ್ನು ಆಟೊಫಜಿಯಿಂದಲೇ ಪಡೆದಿರುವಾಗ, ವೈದ್ಯರನ್ನು ಕೇಳದೆ ಅವರಿಗೆ ಉಪವಾಸದ ಉಪದೇಶ ಕೊಡುವುದು ತಪ್ಪು. ಚಿಕ್ಕಮ್ಮನಿಗೆ ಇಷ್ಟನ್ನೇ ಇನ್ನೂ ಸರಳವಾಗಿ ಹೇಳಿದ್ದೆ. ಅವರು ಏಕಾದಶಿಯನ್ನೇನೂ ಬಿಟ್ಟಿಲ್ಲ, ಸಂದೇಶ ಕಳಿಸುವುದನ್ನು ಬಿಟ್ಟಿದ್ದಾರೆ.

ಲೆವಿನ್ ಅವರು ತಮ್ಮ ವಾದವನ್ನು ಕೊನೆಯವರೆಗೂ ಪ್ರಯೋಗದಿಂದಲೇ ಬೆಳೆಸಿದರು. ಬೆಕ್ಲಿನ್ನಿನ ಒಂದೇ ಒಂದು ಅಮೈನೊ ಆಮ್ಲವನ್ನು ಬದಲಿಸಿ, ಬಿಸಿಎಲ್-2 ಅದನ್ನು ಹಿಡಿಯಲಾರದಂತೆ ಮಾಡಿದ ಇಲಿಗಳು ಹೆಚ್ಚು ಕಾಲ ಬದುಕಿದವು, ಅವುಗಳಲ್ಲಿ ವಯಸ್ಸಿನೊಡನೆ ಬರುವ ಗೆಡ್ಡೆಗಳೂ ಕಡಿಮೆಯಿದ್ದವು ಎಂದು 2018ರಲ್ಲಿ ಅವರ ತಂಡ ಪ್ರಕಟಿಸಿತು. ಅದೇ ಬದಲಾವಣೆ ಇಲಿಗಳಲ್ಲಿ ಎಚ್‌ಇಆರ್2 ಜೀನಿನಿಂದ ಬರುವ ಸ್ತನ ಕ್ಯಾನ್ಸರನ್ನೂ ತಡೆಯಿತು. ಸ್ತನ ಕ್ಯಾನ್ಸರಿನಿಂದಲೇ ಅವರು 2020ರ ಜೂನ್ ತಿಂಗಳಲ್ಲಿ, ಅರವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅದೇ ವರ್ಷ ಕೇಂಬ್ರಿಜ್‌ನ ಮಸಾಶಿ ನರಿತಾ ಅವರ ತಂಡದ ಪ್ರಬಂಧವೊಂದು ಬಂತು. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ದಿಕ್ಕನ್ನು ಬದಲಿಸಬೇಕಾದ ಕೆಲಸ ಅದು. ಅವರು ರೂಪಿಸಿದ ಇಲಿಗಳಲ್ಲಿ ಔಷಧವೊಂದನ್ನು ಕೊಟ್ಟಾಗ ಆಟೊಫಜಿ ತಗ್ಗುತ್ತಿತ್ತು, ನಿಲ್ಲಿಸಿದಾಗ ಮರಳುತ್ತಿತ್ತು. ಆಟೊಫಜಿ ಕೆಲವು ತಿಂಗಳು ತಗ್ಗಿದ್ದು ಆಮೇಲೆ ಮರಳಿದ ಇಲಿಗಳ ಆರೋಗ್ಯ ಬಹುಮಟ್ಟಿಗೆ ಸುಧಾರಿಸಿತು. ಆದರೆ ಮುಂದೆ ಅವುಗಳಲ್ಲಿ ಸಾಮಾನ್ಯ ಇಲಿಗಳಿಗಿಂತ ಹೆಚ್ಚು ಗೆಡ್ಡೆಗಳು ಕಾಣಿಸಿಕೊಂಡವು. ತಗ್ಗಿದ್ದ ಕಾಲದಲ್ಲಿ ಕೋಶಗಳಿಗೆ ಆದ ಹಾನಿ ಉಳಿದುಕೊಂಡಿತು, ಮರಳಿ ಬಂದ ಆಟೊಫಜಿ ಹಾನಿಗೊಳಗಾದ ಆ ಕೋಶಗಳಿಗೇ ಬೆಳೆಯುವ ಬಲ ಕೊಟ್ಟಿತು ಎಂಬುದು ಒಂದು ಸಂಭವನೀಯ ವಿವರಣೆ. ಆಟೊಫಜಿ ತಡೆಯುವ ಔಷಧವನ್ನು ಯಾವ ಗೆಡ್ಡೆಗೆ, ಯಾವ ಹಂತದಲ್ಲಿ ಕೊಡಬೇಕು ಎಂದು ಯೋಚಿಸುತ್ತಿರುವ ವೈದ್ಯರು, ಅದನ್ನು ನಿಲ್ಲಿಸಿದ ಮೇಲೆ ರೋಗಿಯ ಉಳಿದ ಅಂಗಾಂಗಗಳನ್ನು ಎಷ್ಟು ವರ್ಷ ಗಮನಿಸುತ್ತಿರಬೇಕು ಎಂಬುದನ್ನೂ ಇನ್ನು ಮುಂದೆ ತಮ್ಮ ಅಧ್ಯಯನಗಳಲ್ಲಿ ಸೇರಿಸಿಕೊಳ್ಳಬೇಕಾಗುತ್ತದೆ.